ಖಾಲಿ ಜಾಗದ ಅಗಲ

ನನ್ನ ಹೆಂಡತಿ ನನ್ನ ಮೇಲೆ ಹೊರಿಸುವ ಆಪಾದನೆಗಳು ಬಹಳ. ಅವುಗಳಲ್ಲಿ ನಾನು ತಲೆಬಾಗಿಸಿ ಒಪ್ಪಿಕೊಳ್ಳುವುದು ಒಂದನ್ನೇ. ಸೀರೆ ಅಂಗಡಿಯಲ್ಲಿ ಅವಳು ಅರ್ಧ ತಾಸು ಕೂತರೆ ಹೊರಗೆ ನಿಂತು ನಿಟ್ಟುಸಿರು ಬಿಡುವ ಈ ಮನುಷ್ಯ, ಕಂಪ್ಯೂಟರಿಗೆ ಯಾವ ಫಾಂಟು ಇಡಬೇಕೆಂದು ಯೋಚಿಸುತ್ತ ಇಡೀ ಭಾನುವಾರ ಕಳೆದುಬಿಡುತ್ತಾನೆ. "ಎಲ್ಲಾ ಅದೇ ಎಬಿಸಿಡಿ ತಾನೆ? ಯಾವುದ್ರಲ್ಲಿ ಬರೆದ್ರೆ ಏನು?" ಎಂದು ಅವಳು ಕೇಳುತ್ತಾಳೆ. ಮೊದಲೆಲ್ಲ ನಾನು ಉತ್ಸಾಹದಿಂದ ವಿವರಿಸಲು ಕೂರುತ್ತಿದ್ದೆ. ಈಗ ಸುಮ್ಮನಿರುತ್ತೇನೆ. ಸುಮ್ಮನಿರಲು ಒಂದು ಕಾರಣವಿದೆ, ಅದನ್ನು ಹೇಳಲಿಕ್ಕೇ ಇಷ್ಟು ಸುತ್ತು ಹಾಕುತ್ತಿದ್ದೇನೆ.

ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸುತ್ತಮುತ್ತಲಿನ ಜನಕ್ಕೆ ಪ್ರೋಗ್ರಾಮು ಬರೆದುಕೊಡುತ್ತೇನೆ. ಎಣ್ಣೆ ಗಾಣದವರಿಗೆ ಒಂದು, ಕಲ್ಯಾಣ ಮಂಟಪದವರಿಗೆ ಒಂದು, ಶಾಲೆಗಳಿಗೆ ಹತ್ತಾರು. ದೊಡ್ಡ ವಿದ್ಯೆಯೇನಲ್ಲ. ವಯಸ್ಸು ಐವತ್ತಮೂರು. ಮೊನ್ನೆ ಕಣ್ಣಿನ ಡಾಕ್ಟರು ಕನ್ನಡಕದ ನಂಬರು ಬದಲಿಸಿ, "ಇನ್ಮೇಲೆ ಅಕ್ಷರ ಸ್ವಲ್ಪ ದೊಡ್ಡದಾಗೇ ಇಟ್ಕಳ್ರಿ ಸಾಹೇಬ್ರೆ, ಹಠ ಮಾಡಬ್ಯಾಡ್ರಿ" ಎಂದರು. ಹೊಸ ಕನ್ನಡಕ ಹಾಕಿಕೊಂಡು ಬಂದು ಕೂತರೆ ಹಳೆಯ ಫಾಂಟಿನ ಅಕ್ಷರಗಳೆಲ್ಲ ನೀರಿನೊಳಗೆ ಬಿದ್ದ ಹಾಗೆ ಅಲುಗುತ್ತಿದ್ದವು. ಸರಿ, ಹೊಸದೊಂದನ್ನು ಹುಡುಕೋಣ ಎಂದು ಹೊರಟೆ.

ನಮ್ಮ ಕಸುಬಿನವರು ಬಳಸುವ ಅಕ್ಷರಗಳಿಗೆ ಒಂದು ನಿಯಮವಿದೆ. ಪುಸ್ತಕದಲ್ಲಿ ಅಚ್ಚಾಗುವ ಇಂಗ್ಲಿಷಿನಲ್ಲಿ ಸಪೂರ ಐ ಅಕ್ಷರಕ್ಕೆ ಸಣ್ಣ ಜಾಗ, ದಪ್ಪ ಎಮ್ ಅಕ್ಷರಕ್ಕೆ ದೊಡ್ಡ ಜಾಗ. ನಮ್ಮಲ್ಲಿ ಹಾಗಿಲ್ಲ. ಊಟದ ಪಂಕ್ತಿಯಲ್ಲಿ ಕೂತವನು ಸಣಕಲನಾಗಲಿ ದಢೂತಿಯಾಗಲಿ ಎಲ್ಲರಿಗೂ ಒಂದೇ ಅಗಲದ ಎಲೆ ಹಾಕುತ್ತಾರಲ್ಲ, ಹಾಗೆ. ಅಕ್ಷರ, ಅಂಕಿ, ಚುಕ್ಕಿ, ಕೊನೆಗೆ ಏನೂ ಇಲ್ಲದ ಖಾಲಿ ಜಾಗಕ್ಕೂ ಅಷ್ಟೇ ಅಗಲ. ಹಳೆಯ ಟೈಪ್‌ರೈಟರಿನಲ್ಲಿ ಹೀಗೇ ಇತ್ತು. ಒಂದೇ ಅಗಲ ಇರುವುದರಿಂದ ಒಂದರ ಕೆಳಗೊಂದು ಬರೆದದ್ದು ನೇರ ನಿಲ್ಲುತ್ತದೆ. ಎಲ್ಲಿ ಏನು ತಪ್ಪಿದೆಯೆಂದು ಕಣ್ಣಿಗೆ ತಟ್ಟನೆ ಕಾಣುತ್ತದೆ.

ಇಂಥ ಫಾಂಟುಗಳಲ್ಲೂ ನೂರೆಂಟು ಬಗೆ. ಆರಿಸುವಾಗ ನಾನು ಮೊದಲು ನೋಡುವುದು ಸೊನ್ನೆಯನ್ನು. ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕಿಯೋ ಅಡ್ಡಗೆರೆಯೋ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಓ ಅಕ್ಷರಕ್ಕೂ ಅದಕ್ಕೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ಎಂಬ ಅಂಕಿಯ ಪಾದ. ಆಮೇಲೆ ಮೂರಕ್ಕೂ ಎಂಟಕ್ಕೂ ನಡುವೆ ಬಾಯಿ ಎಷ್ಟು ತೆರೆದಿದೆ ಎಂಬುದು. ಇಷ್ಟು ಪರೀಕ್ಷೆಗೆ ನಮ್ಮ ಮನೆಯಲ್ಲಿ ಮಗಳಿಗೆ ಗಂಡು ನೋಡುವಾಗಲೂ ನಾನು ಕೂತಿರಲಿಲ್ಲ ಎಂದು ಹೆಂಡತಿಯ ಇನ್ನೊಂದು ಮಾತಿದೆ, ಇರಲಿ.

ಕಷ್ಟ ಬರುವುದು ಕನ್ನಡದಲ್ಲಿ. ಇಂಗ್ಲಿಷ್ ಅಕ್ಷರಗಳನ್ನು ಗದರಿಸಿ ಒಂದೇ ಅಗಲದಲ್ಲಿ ಕೂರಿಸಬಹುದು. ನಮ್ಮ ಕನ್ನಡ ಜಗ್ಗುವುದಿಲ್ಲ. ಒಂದು ರ ಎಷ್ಟು ಸಣ್ಣದು, ಒಂದು ಔ ಎಷ್ಟು ದೊಡ್ಡದು ನೋಡಿ. ಒತ್ತಕ್ಷರ ಬಂತೋ, ಕೆಳಗಿನ ಸಾಲಿನ ತಲೆಯ ಮೇಲೇ ಕಾಲಿಡುತ್ತದೆ. ಹೊಳಲ್ಕೆರೆ ಎಂದು ಬರೆದು ಅದರ ಕೆಳಗೆ ಮತ್ತೋಡು ಎಂದು ಬರೆದರೆ ಮುಂದಿನ ಅಂಕಿಗಳು ಒಂದು ಅತ್ತ ಒಂದು ಇತ್ತ. ನಾನು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದೆ. ಪಟ್ಟಿ ಮಾಡುವಾಗ ಅಂಕಿಗಳನ್ನೆಲ್ಲ ಮೊದಲು ಹಾಕಿ, ಊರಿನ ಹೆಸರನ್ನು ಸಾಲಿನ ಕೊನೆಗೆ ತಳ್ಳುವುದು. ಕೊನೆಯಲ್ಲಿದ್ದದ್ದು ಎಷ್ಟು ಅಗಲವಿದ್ದರೆ ಯಾರಿಗೇನು? ಈ ಉಪಾಯದ ಬಗ್ಗೆ ನನಗೆ ತುಂಬಾ ಹೆಮ್ಮೆ ಇತ್ತು.

ಆ ಹೆಮ್ಮೆಯನ್ನು ಮೊದಲು ತೋರಿಸಿದ್ದು ಶಶಿಕಲಾ ಮೇಡಂ ಅವರಿಗೆ. ಅವರು ಹೊಸದುರ್ಗದಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯ ನಡೆಸುತ್ತಾರೆ. ನಮ್ಮ ಕಡೆಯ ನೀರಿನ ವಿಷಯ ನಿಮಗೆ ಗೊತ್ತಿರಬಹುದು. ಬೋರು ಆಳಕ್ಕೆ ಹೋದಷ್ಟೂ ಫ್ಲೋರೈಡು. ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ದೊಡ್ಡವರ ಮಂಡಿ ಬೆನ್ನು ಕಲ್ಲಿನ ಹಾಗೆ ಬಿಗಿಯುತ್ತದೆ. ಮೇಡಂ ಊರೂರಿಂದ ಬಾಟಲಿಯಲ್ಲಿ ನೀರು ತರಿಸಿ, ನೋಡಿ, ಯಾವುದು ಕುಡಿಯಬಹುದು ಯಾವುದು ಬಾರದು ಎಂದು ಪಟ್ಟಿ ಮಾಡಿ ಹಳ್ಳಿಗಳಿಗೆ ಕಳಿಸುತ್ತಿದ್ದರು. ಆ ಪಟ್ಟಿ ಮಾಡುವ ಪ್ರೋಗ್ರಾಮು ನನ್ನದು. ಸಾಲಿಗೆ ನಾಲ್ಕು ಅಂಕಿ: ಗಡಸುತನ, ನೈಟ್ರೇಟು, ಫ್ಲೋರೈಡು, ಕಬ್ಬಿಣ. ಆಮೇಲೆ ಊರು. ತಳದಲ್ಲಿ ದಪ್ಪಕ್ಷರದಲ್ಲಿ, ಫ್ಲೋರೈಡು ಒಂದೂವರೆ ದಾಟಿದ್ದರೆ ಕುಡಿಯಬೇಡಿ ಎಂದು ಒಂದು ಮಾತು.

"ಇದೇನ್ರಿ ರಫೀಕಣ್ಣ, ಲಗ್ನಪತ್ರಿಕೆನಾಗೆ ಮದುಮಗನ ಹೆಸರು ಕಟ್ಟಕಡೇಗೆ ಹಾಕ್ದಂಗೈತೆ" ಎಂದು ಅವರು ನಕ್ಕಿದ್ದರು. ಆದರೆ ಒಪ್ಪಿಕೊಂಡರು. ಅವರದೂ ಒಂದು ಹಠವಿತ್ತು. ಯಾವುದಾದರೂ ಪರೀಕ್ಷೆಗೆ ಬೇಕಾದ ಕೆಮಿಕಲ್ಲು ಮುಗಿದು ಆ ವಾರ ಮಾಡಲಾಗದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ನಾನು ಸೊನ್ನೆ ಹಾಕೋಣ ಎಂದಿದ್ದೆ. "ಸೊನ್ನೆ ಅಂದ್ರೆ ನೋಡಿದೀನಿ, ಇಲ್ಲ ಅಂತ. ನಾನು ನೋಡೇ ಇಲ್ವಲ್ರಿ. ನೋಡದ್ದನ್ನ ನೋಡಿದೀನಿ ಅಂತ ಹೆಂಗೆ ಬರೀಲಿ?" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಖಾಲಿ ಬಿಟ್ಟೆ. ಒಂದೇ ಅಗಲದ ಅಕ್ಷರದಲ್ಲಿ ಖಾಲಿ ಬಿಟ್ಟರೂ ಜಾಗ ಜಾಗದಲ್ಲೇ ಇರುತ್ತಿತ್ತು, ತೊಂದರೆ ಇರಲಿಲ್ಲ.

ಇಲ್ಲಿ ನಮ್ಮ ಅಬ್ಬಾನ, ಅಂದರೆ ಅಪ್ಪನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮದು ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುವವರ ಮನೆ. ತಾತ, ಮುತ್ತಾತ, ಎಲ್ಲರದೂ ಅದೇ ಕೆಲಸ. ಬೇಸಿಗೆ ಬಂದರೆ ಅಬ್ಬಾ ತಿದಿ, ಇದ್ದಿಲು, ತವರದ ಕಡ್ಡಿ, ನವಸಾಗರದ ಡಬ್ಬಿ ಕಟ್ಟಿಕೊಂಡು ಹೊಸದುರ್ಗದ ಆಚೆಯ ಹಟ್ಟಿಗಳಿಗೆ ಹೊರಡುತ್ತಿದ್ದರು. ಶಾಲೆಗೆ ರಜೆಯಾದ್ದರಿಂದ ನಾನೂ. ಕುರಿ ಸಾಕುವವರ ಹಟ್ಟಿ. ಸುತ್ತ ಮುಳ್ಳಿನ ಬೇಲಿ, ಹೊರಗೆ ಬೇವಿನ ಮರ. ಆ ಮರದಡಿ ಗುಂಡಿ ತೋಡಿ ಬೆಂಕಿ ಹೊತ್ತಿಸಿ ಕೂತರೆ ಹೆಂಗಸರು ತಪ್ಪಲೆ ಕೊಳಗ ಹೊತ್ತು ತರುತ್ತಿದ್ದರು. ಅಬ್ಬಾ ಪಾತ್ರೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ಇಳಿದು, ಮರ ಹಿಡಿದು ಸೊಂಟ ತಿರುಗಿಸಿ ತಿರುಗಿಸಿ ಉಜ್ಜುವುದನ್ನು ನೋಡಿ ಹಟ್ಟಿಯ ಮಕ್ಕಳೆಲ್ಲ ನಗುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಆಮೇಲೆ ನವಸಾಗರ ಎರಚಿದಾಗ ಏಳುವ ಬಿಳಿ ಹೊಗೆ ಮಾತ್ರ ನನಗೆ ಇಷ್ಟ. ಅದರ ಘಾಟು ಈಗಲೂ ಮೂಗಿನಲ್ಲಿದೆ.

ಒಂದು ಹಟ್ಟಿಗೆ ಈರಕ್ಕ ಎಂಬ ಹೊಸ ಸೊಸೆ ಬಂದಿದ್ದಳು. ಅವಳಿಗೆ ಆಗ ಹದಿನೆಂಟೋ ಇಪ್ಪತ್ತೋ, ನನಗೆ ಎಂಟು ಒಂಬತ್ತು. ಸೊಸೆಯಾದರೂ ಬಾಯಿ ಜೋರು. ಅಬ್ಬಾ ಕೊಟ್ಟ ತಪ್ಪಲೆಯನ್ನು ಬಿಸಿಲಿಗೆ ಹಿಡಿದು, "ಸಾಬ್ರೆ, ಅವ್ರ ತಪ್ಲೆ ಕನ್ನಡಿ ಹಂಗೆ ಹೊಳಿತೈತೆ, ನಮ್ದ್ಯಾಕೆ ಮಂಕು?" ಎಂದು ಜಗಳಕ್ಕೆ ನಿಂತಳು. ಅಬ್ಬಾ ತಲೆ ಎತ್ತಲಿಲ್ಲ. "ಹೊಳಪು ನೋಡಬ್ಯಾಡವ್ವ. ಬೆರಳು ಹಾಕಿ ಮೂಲೆ ನೋಡು. ಅಲ್ಲಿ ತವರ ಕುಂತಿದ್ರೆ ನೀನು ಹುಳಿ ಕಾಯ್ಸು, ಮಜ್ಜಿಗೆ ಕಾಯ್ಸು, ಮಕ್ಳಿಗೆ ಏನೂ ಆಗಲ್ಲ" ಎಂದರು. ಈರಕ್ಕ ಬೆರಳು ಹಾಕಿ ಒಳಗೆಲ್ಲ ತಡವಿ ನೋಡಿ, ತಪ್ಪಲೆ ಎತ್ತಿಕೊಂಡು ಹೋದಳು. ಮುಂದಿನ ವರ್ಷದಿಂದ ಆ ಹಟ್ಟಿಯಲ್ಲಿ ಬೇರೆ ಕಲಾಯಿಯವನಿಗೆ ಯಾರೂ ಪಾತ್ರೆ ಕೊಡಲಿಲ್ಲ. ಸ್ಟೀಲು ಬಂದು ಕಲಾಯಿ ನಿಲ್ಲುವವರೆಗೂ ಹಾಗೇ ನಡೆಯಿತು.

ಅಂಥವರ ಮಗನಾಗಿ ನಾನು ಮಾಡಿದ್ದು ಕೇಳಿ. ಎರಡು ವರ್ಷದ ಹಿಂದೆ ಯಾವುದೋ ಸಭೆಯಲ್ಲಿ ನಮ್ಮ ನೀರಿನ ಪಟ್ಟಿಯನ್ನು ಗೋಡೆಗೆ ದೊಡ್ಡದಾಗಿ ಹಾಕಿ ತೋರಿಸಿದರು. ಹಿಂದೆ ಕೂತಿದ್ದವನೊಬ್ಬ, "ಹಳೇ ಕರೆಂಟ್ ಬಿಲ್ ಇದ್ದಂಗೈತಲ್ಲಪ್ಪ" ಎಂದ. ನಾಲ್ಕು ಜನ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಕೋಣೆಗೆ ಬಂದವನೇ ಆ ಒಂದೇ ಅಗಲದ ಫಾಂಟನ್ನು ಕಿತ್ತು ಹಾಕಿ, ದುಂಡು ದುಂಡಾದ, ಪುಸ್ತಕದ ಅಕ್ಷರದಂಥ ಒಂದು ಫಾಂಟು ಇಟ್ಟೆ. ಮೊದಲ ಸಾಲಿನ ನಾಲ್ಕು ಅಂಕಿಗಳ ಮೇಲೆ ಗಡಸುತನ, ನೈಟ್ರೇಟು ಮುಂತಾದ ಹೆಸರುಗಳನ್ನು ಕಣ್ಣಳತೆಯಲ್ಲಿ ಸರಿಸಿ ಸರಿಸಿ ಕೂರಿಸಿದೆ. ಕಾಗದಕ್ಕೆ ಇಳಿಸಿದರೆ ಆಹಾ, ಎಷ್ಟು ಚೆಂದ! ಒಂದು ಪ್ರತಿಯನ್ನು ನನ್ನ ಕೋಣೆಯ ಗೋಡೆಗೂ ಅಂಟಿಸಿಕೊಂಡೆ. ಮೇಡಂ ತಮ್ಮ ಅಂಕಿಗಳನ್ನು ತಮ್ಮ ಪುಸ್ತಕದಲ್ಲಿ ಸರಿ ನೋಡಿಕೊಂಡಿದ್ದರು. ಕಾಗದದ ಮೇಲೆ ಅವು ಎಲ್ಲಿ ನಿಂತಿವೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ನಾನು ಮೊದಲ ಸಾಲು ನೋಡಿದೆ, ಅಷ್ಟೇ.

ಹೊಸ ಕನ್ನಡಕದ ದಿನ ಫಾಂಟು ಪರೀಕ್ಷಿಸಲು ಅಂಕಿ ಹೆಚ್ಚಿರುವ ಯಾವುದಾದರೂ ಹಳೆಯ ಕಡತ ಬೇಕಿತ್ತು. ಕೈಗೆ ಸಿಕ್ಕಿದ್ದು ಈ ಪಟ್ಟಿ. ಹೊಟ್ಟೆಯಲ್ಲಿ ಚುಕ್ಕಿ ಇರುವ ಸೊನ್ನೆಯ, ಒಂದೇ ಅಗಲದ ಒಂದು ಫಾಂಟನ್ನು ಆರಿಸಿ ಒತ್ತಿದೆ. ಪುಟದ ನಡುವೆ ಒಂದು ಸಾಲಿನ ಅಂಕಿಗಳು ಬಲಕ್ಕೆ ಸರಿದವು. ಕಣ್ಣಿನ ದೋಷವೆಂದುಕೊಂಡೆ. ಪಟ್ಟಿಯ ಆ ದುಂಡು ಫಾಂಟಿಗೆ ತಿರುಗಿಸಿದೆ, ಎಡಕ್ಕೆ ಬಂದವು. ಮತ್ತೆ ಒತ್ತಿದೆ, ಬಲಕ್ಕೆ. ಹೀಗೆ ಐದಾರು ಸಲ ಅತ್ತಿತ್ತ ಆಡಿಸಿದ ಮೇಲೆ ಅಳತೆಪಟ್ಟಿಯನ್ನು ಪರದೆಗೆ ಹಿಡಿದು ನೋಡಿದೆ.

ನಿಮಗೆ ಬಿಡಿಸಿ ಹೇಳುತ್ತೇನೆ. ಆ ಚೆಂದದ ಫಾಂಟಿನಲ್ಲಿ ಅಂಕಿಗಳೆಲ್ಲ ಒಂದೇ ಅಗಲ, ಹಾಗಾಗಿ ನಾಲ್ಕೂ ಅಂಕಿ ಇದ್ದ ಸಾಲುಗಳು ನೆಟ್ಟಗೇ ಇದ್ದವು. ಆದರೆ ಖಾಲಿ ಜಾಗ ಅದರಲ್ಲಿ ಅಂಕಿಯ ಅರ್ಧಕ್ಕಿಂತ ಸಣ್ಣದು. ಒಂದು ವಾರ ನೈಟ್ರೇಟಿನ ಕೆಮಿಕಲ್ಲು ಮುಗಿದಿತ್ತು. ಮೇಡಂ ಆ ಜಾಗ ಖಾಲಿ ಬಿಟ್ಟಿದ್ದರು. ಖಾಲಿ ಜಾಗ ಕುಗ್ಗಿ, ಅದರಾಚೆಯ ಎರಡು ಅಂಕಿಗಳು ಎಡಕ್ಕೆ ಜಾರಿದ್ದವು. ಫ್ಲೋರೈಡಿನ ಮೂರು ಪಾಯಿಂಟ್ ಒಂದು ಹೋಗಿ ನೈಟ್ರೇಟಿನ ಕೆಳಗೆ ನಿಂತಿತ್ತು. ನೈಟ್ರೇಟು ನಲವತ್ತೈದರವರೆಗೂ ಇರಬಹುದು, ಅಲ್ಲಿ ಮೂರಕ್ಕೆ ಯಾರೂ ಹೆದರುವುದಿಲ್ಲ. ಕಬ್ಬಿಣದ ಸೊನ್ನೆ ಪಾಯಿಂಟ್ ನಾಲ್ಕು ಬಂದು ಫ್ಲೋರೈಡಿನ ಕೆಳಗೆ ಕೂತಿತ್ತು. ಓದಿದವರಿಗೆ ಅದು ಅಮೃತದಂಥ ನೀರು. ಸಾಲಿನ ಕೊನೆಯಲ್ಲಿದ್ದ ಹೆಸರು ಮತ್ತೋಡಿನ ಆಚೆಯ ಈರಕ್ಕನ ಹಟ್ಟಿಯದು.

ಹಾಗೆ ಜಾರಿದ ಸಾಲುಗಳು ಎಷ್ಟೆಂದು ಎಣಿಸಿದೆ. ಏಳು.

ಮೇಡಂಗೆ ಫೋನು ಮಾಡಿ ಎಲ್ಲಾ ಹೇಳಿದೆ. "ಖಾಲಿ ಬಿಡಿ ಅಂದಿದ್ದು ನಾನೇ ಅಲ್ವೇನ್ರಿ" ಎಂದರು. ಅಲ್ಲ ಮೇಡಂ, ಫಾಂಟು ಬದಲಿಸಿದವನು ನಾನು, ಅದೂ ಚೆಂದಕ್ಕೆ, ಎಂದೆ. "ಆಯ್ತು, ಈಗ ಏನ್ಮಾಡಾಣ? ಹೊಸ ಪಟ್ಟಿ ಮಾಡಿ ಕೊಡ್ರಿ, ಮುಂದಿನ ವಾರ ಎಲ್ಲಾ ಕಡೆಗೂ ಕಳಿಸಾಣ. ಹಳೇದು ತೆಗೀರಿ ಅಂತ ಮೇಲೆ ಬರೆದ್ರಾಯ್ತು" ಎಂದರು. ಸರಿ ಎಂದೆ. ಫೋನು ಇಟ್ಟ ಕೂಡಲೇ ಎದೆ ಹಗುರಾಯಿತು, ಆ ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಯಾರಿಗೂ ಗೊತ್ತಾಗದೆ ಹೊಸ ಕಾಗದ ಹಳೆಯ ಕಾಗದದ ಮೇಲೆ ಅಂಟಿಕೊಳ್ಳುತ್ತದೆ. ಯಾರ ಕೈಯಿಂದ ಆಯಿತೆಂದು ಕೇಳುವವರಿಲ್ಲ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪಟ್ಟಿಯನ್ನು ಹೊಸ ಫಾಂಟಿನಲ್ಲಿ ಇಳಿಸಿ, ಮಡಿಚಿ ಜೇಬಿಗಿಟ್ಟುಕೊಂಡು ಗಾಡಿ ಹತ್ತಿದೆ. ಹೊಳಲ್ಕೆರೆ ದಾಟಿ ಹೊಸದುರ್ಗ, ಅಲ್ಲಿಂದ ಆಚೆ. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಒಂದು ತಿರುವಿನಲ್ಲಿ ದೂರಕ್ಕೆ ಹೊಳೆಯಿತು. ಅಷ್ಟು ನೀರನ್ನು ಕಂಡು ಗಾಡಿ ನಿಲ್ಲಿಸಿಬಿಟ್ಟೆ. ವಾಪಸ್ಸು ಹೋಗಿಬಿಡಲೇ ಎಂದು ಅಲ್ಲಿ ನಿಂತು ಯೋಚಿಸಿದ್ದು ನಿಜ. ನಾನೇನು ಧೀರನಲ್ಲ.

ಹಟ್ಟಿಯಲ್ಲಿ ಬೇಲಿ ಹೋಗಿ ಕಾಂಪೌಂಡು ಬಂದಿತ್ತು. ಬೇವಿನ ಮರ ಇರಲಿಲ್ಲ. ಆ ಜಾಗದಲ್ಲಿ ಬೋರಿನ ನೀರಿನ ಟ್ಯಾಂಕು. ಟ್ಯಾಂಕಿನ ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ ನನ್ನ ಪಟ್ಟಿ. ಬಿಸಿಲಿಗೆ ಬಣ್ಣ ಹೋಗಿದ್ದರೂ ಅಕ್ಷರ ಚೆಂದವಾಗೇ ಇತ್ತು.

ಈರಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಯಾರಪ್ಪ? ಕಲಾಯಿ ಸಾಬ್ರ ಮಗ ಅಲ್ವಾ? ಅಪ್ಪಂದೇ ಮುಖ. ಬಾ, ಕುಂತ್ಕ. ಏನಪ್ಪ ಇಷ್ಟ್ ದಪ್ಪ ಆಗಿದೀಯ?" ಒಳಗೆ ಗೋಡೆಗೆ ಆತು ಅವಳ ಗಂಡ ಕೂತಿದ್ದ. ಬೆನ್ನು ಬಾಗಿದ್ದು ಹಾಗೇ ನಿಂತುಹೋಗಿತ್ತು. ನನ್ನ ಕಡೆ ನೋಡಬೇಕಾದರೆ ಕತ್ತನ್ನಲ್ಲ, ಇಡೀ ಮೈ ತಿರುಗಿಸಿದ. ಈರಕ್ಕನ ಪಕ್ಕ ಆರು ವರ್ಷದ ಮೊಮ್ಮಗಳು ಬಂದು ನಿಂತಳು. ಮುಂದಿನ ಎರಡು ಹಾಲುಹಲ್ಲು ಬಿದ್ದು ಬಾಯಿ ಬೋಳಾಗಿತ್ತು. ಹೊಸ ಹಲ್ಲು ಇನ್ನೂ ಬಂದಿರಲಿಲ್ಲ.

ಕೂರಲಿಲ್ಲ ನಾನು. ನಿಂತೇ ಹೇಳಿದೆ. ಈರಕ್ಕ, ಟ್ಯಾಂಕಿನ ಮೇಲಿರೋ ಪಟ್ಟಿ ತಪ್ಪು. ಈ ಬೋರಿನ ನೀರು ಕುಡಿಯೋದಲ್ಲ. ಆ ಪಟ್ಟಿ ಮಾಡಿದ್ದು ನಾನು, ಅಕ್ಷರ ಚೆಂದ ಕಾಣಲಿ ಅಂತ ಬದಲಾಯಿಸಿದಾಗ ಅಂಕಿ ಪಕ್ಕಕ್ಕೆ ಹೋಯ್ತು, ನಾನು ನೋಡಲಿಲ್ಲ. ಹೇಳಲು ಹತ್ತು ಸಲ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು.

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊಮ್ಮಗಳ ಭುಜದ ಮೇಲಿದ್ದ ಕೈ ಬಿಗಿಯಾಯಿತು.

"ಇವ್ಳ ತಾತ ಈ ಬೋರಿನ ನೀರು ಕುಡುದೇ ಹಿಂಗಾಗಿದ್ದು. ಅದಕ್ಕೇ ಈ ಕೂಸು ಹುಟ್ದಾಗಿಂದ ನಾನು ಹೊಲದ ಬಾವಿಗೆ ಹೋಗಿ ನೀರು ಹೊತ್ಕಂಡ್ ಬತ್ತಿದ್ದೆ. ದಿನಾ ಎಲ್ಡು ಸಲ. ಇವ್ಳಿಗೊಬ್ಬಳಿಗೇ ಬೇರೆ ಕೊಡ." ಟ್ಯಾಂಕಿನ ಕಡೆ ಕೈ ತೋರಿಸಿದಳು. "ಪಟ್ಟಿ ಬಂತು. ಬೋರನ್ನ ಇನ್ನೂ ಆಳ ಇಳಿಸ್ಯಾರೆ, ಈಗ ನೀರು ಚಲೋ ಐತಂತೆ ಅಂತ ಓದಿ ಹೇಳಿದ್ರು. ನಾನು ನಂಬಲಿಲ್ಲ. ಯಾರು ಬರ್ದಿದ್ದು ಅಂತ ಪಟ್ಟಿ ತಂದೋರನ್ನ ಕೇಳ್ದೆ. ದುರ್ಗದ ಕಲಾಯಿ ಸಾಬ್ರ ಮಗ ಅಂದ್ರು. ಅವತ್ತಿಂದ ಬಾವಿಗೆ ಹೋಗಾದು ಬಿಟ್ಟೆ."

ಇದಕ್ಕಿಂತ ಅವಳು ಚಪ್ಪಲಿಯಲ್ಲಿ ಹೊಡೆದಿದ್ದರೆ ವಾಸಿಯಿತ್ತು. ನನಗೆ ಅಳು ಬಂತು. ಐವತ್ತಮೂರು ವರ್ಷದ ಗಂಡಸು, ಹಟ್ಟಿಯ ನಡುವೆ ನಿಂತು ಅತ್ತೆ. ತಪ್ಪಾಯ್ತು ಈರಕ್ಕ, ಎಂದೆ. ಅವಳು ಬೈಯಲಿ ಎಂದು ಕಾದೆ. ಬೈದಾದ ಮೇಲೆ ಹೋಗಲಿ ಬಿಡಪ್ಪ ಅಂದಾಳು ಎಂದೂ ಒಳಗೊಳಗೆ ಕಾದೆ. ಅದನ್ನೂ ಮುಚ್ಚಿಡುವುದಿಲ್ಲ.

ಅವಳು ಎರಡನ್ನೂ ಮಾಡಲಿಲ್ಲ. ಮೊಮ್ಮಗಳ ಗದ್ದ ಎತ್ತಿ, ಬಾಯಿ ತೆರೆಸಿ, ಬೋಳು ವಸಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಹಲ್ಲು ಯಾವ ಬಣ್ಣಕ್ಕೆ ಬರುತ್ತದೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಾಕ್ಟರನ್ನು ಆಮೇಲೆ ಕೇಳಿದೆ. ಬಂದ ಮೇಲೇ ನೋಡಬೇಕು ಎಂದರು.

ಮೊಮ್ಮಗಳನ್ನು ಒಳಗೆ ಕಳಿಸಿ, "ನಮ್ಮದೊಂದೇ ಊರಾ?" ಎಂದು ಕೇಳಿದಳು.

ಇಲ್ಲ, ಏಳು, ಎಂದೆ.

"ಉಳಿದ ಆರಕ್ಕೆ ಯಾರು ಹೋಗ್ಯಾರೆ?"

ಮುಂದಿನ ವಾರ ಹೊಸ ಪಟ್ಟಿ ಹೋಗುತ್ತದೆ ಎಂದೆ. ನನ್ನ ಮಾತು ನನಗೇ ಕೇಳಿಸಿತು.

"ಮುಂದಿನ ವಾರನಾ?" ಈರಕ್ಕನ ಧ್ವನಿ ಮೊದಲ ಬಾರಿ ಏರಿತು. "ಲೇ, ಇಲ್ಲಿಗೆ ಯಾಕ್ ಬಂದೆ ನೀನು? ನಾನು ಪರಿಚಯ ಅಂತ ಬಂದ್ಯಾ? ಅಲ್ಲಿ ಕುಡಿಯೋರು ಮಕ್ಳಲ್ವಾ?"

ಅವಳು ಕೇಳಿದ್ದು ಅಕ್ಷರಶಃ ನಿಜ. ನಾನು ಬಂದದ್ದು ನೀರಿಗಾಗಿ ಅಲ್ಲ, ನನ್ನ ಎದೆಯ ಭಾರ ಇಳಿಸಿಕೊಳ್ಳಲು.

ಈರಕ್ಕ ಒಳಗೆ ಹೋಗಿ, ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಂದಳು. ಹೋಗುವ ದಾರಿಯಲ್ಲಿ ಟ್ಯಾಂಕಿನ ಮುಂದೆ ನಿಂತು, ಪ್ಲಾಸ್ಟಿಕ್ಕಿನ ಸಮೇತ ನನ್ನ ಪಟ್ಟಿಯನ್ನು ಕಿತ್ತು ತೆಗೆದಳು. "ನೀನೊಬ್ಬನೇ ಹೋದ್ರೆ ನಂಬಲ್ಲ ಅವ್ರು. ಕಾಗದ ನಂಬ್ತಾರೆ, ಬಾಯ್ಮಾತು ಯಾರು ನಂಬ್ತಾರೆ? ಯಾವ್ದು ಹತ್ರ ಐತೋ ಅಲ್ಲಿಗೆ ಮೊದ್ಲು ಹೋಗಾಣ. ಗಾಡಿ ತೆಗಿ" ಎಂದಳು.

ಹತ್ತಿರದ್ದು ಮೂರು ಮೈಲಿ. ಅಲ್ಲಿ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ನಲ್ಲಿಯ ಮುಂದೆ ಹತ್ತು ಹನ್ನೆರಡು ಹೆಂಗಸರು, ಸಾಲಾಗಿ ಕೊಡಗಳು. ಈರಕ್ಕ ಗಾಡಿಯಿಂದ ಇಳಿದು, "ಸ್ವಲ್ಪ ನಿಂತ್ಕಳ್ರವ್ವ, ಈ ಯಪ್ಪ ಏನೋ ಹೇಳ್ತಾನೆ ಕೇಳ್ರಿ" ಎಂದು ಕೂಗಿ ಹೇಳಿ ಪಕ್ಕಕ್ಕೆ ಸರಿದಳು. ನನ್ನ ಬದಲು ಅವಳು ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ. ಗೋಡೆಯ ಮೇಲಿನ ಪಟ್ಟಿಯ ಪಕ್ಕ ನಿಂತು, ಇದನ್ನು ಮಾಡಿದವನು ನಾನು, ಇದು ತಪ್ಪು, ಈ ನೀರು ಮಕ್ಕಳಿಗೆ ಕೊಡಬೇಡಿ ಎಂದು ನಾನೇ ಹೇಳಿದೆ.

ಗಲಾಟೆ ಎದ್ದಿತು. ಒಬ್ಬಳು ಬೈದಳು, ಒಬ್ಬಳು ನಂಬಲೇ ಇಲ್ಲ, ಇನ್ನೊಬ್ಬಳು ತನ್ನ ಮಗನ ಹೆಸರು ಹಿಡಿದು ಕೂಗಿ ಮನೆಯ ಕಡೆ ಓಡಿದಳು. ಎಲ್ಲರ ಹಿಂದೆ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡಿದ್ದ ಒಬ್ಬಾಕೆ, ಬಸುರಿ, ನಿಧಾನವಾಗಿ ಮುಂದೆ ಬಂದಳು.

"ಇದನ್ನ ಚೆಲ್ಲಿ ಏನು ಕುಡಿಯಾಣ? ಅದನ್ನೂ ಹೇಳ್ರಿ" ಎಂದಳು.

ಜೇಬಿನಿಂದ ಹೊಸ ಪಟ್ಟಿ ತೆಗೆದೆ. ಅದೇ ಊರಿನ ಹೆಸರಿನಲ್ಲಿ ಇನ್ನೊಂದು ಸಾಲಿತ್ತು, ಶಾಲೆಯ ಹಿಂದಿನ ಕೈಪಂಪಿನದು. ನಾಲ್ಕು ಅಂಕಿಗಳೂ ಇದ್ದವು. ಫ್ಲೋರೈಡು ಎಂಬ ಹೆಸರಿನ ಮೇಲೆ ಬೆರಳಿಟ್ಟು ನೇರ ಕೆಳಕ್ಕೆ ಇಳಿಸಿದೆ. ಸೊನ್ನೆ ಪಾಯಿಂಟ್ ಏಳು. ಬೆರಳು ಪಕ್ಕದ ಅಂಕಿಗೆ ಹೋಯಿತೇನೋ ಎಂದು ಹೆದರಿ ಮತ್ತೆ ಮೇಲಿಂದ ಇಳಿಸಿದೆ. ಮೂರನೆಯ ಸಲವೂ ಇಳಿಸಿದೆ. ಹೆಂಗಸರೆಲ್ಲ ನನ್ನ ಬೆರಳನ್ನೇ ನೋಡುತ್ತಿದ್ದರು.

ಶಾಲೆ ಹಿಂದಿನ ಕೈಪಂಪು, ಎಂದೆ. ಅದು ಕುಡಿಯಬಹುದು.

ಬಸುರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ, ತುಂಬಿದ ಕೊಡವನ್ನು ಅಲ್ಲೇ ಮಗುಚಿದಳು.